ಪಾಳಿ ಬಂತು, ಬೇರು ನೋಡಿದಿರಾ?

ನೆಲ ಹಸಿಯಾಗಿದೆ. ಕಾಲಿಟ್ಟರೆ ಕೆಸರು ಹಿಮ್ಮಡಿಗೆ ಮೆತ್ತುತ್ತದೆ. ಆದರೂ ಮಧ್ಯಾಹ್ನದ ಹೊತ್ತಿಗೆ ಗಿಡದ ಎಲೆ ಜೋತು ಬೀಳುತ್ತದೆ. ಇಂಥದ್ದನ್ನು ನೀವೂ ನಿಮ್ಮ ಹೊಲದಲ್ಲಿ ನೋಡಿರಬಹುದು. ನೋಡಿದಾಗ ಏನು ಮಾಡಿದಿರಿ? ಬಹಳ ಮಂದಿ ಮಾಡುವುದನ್ನೇ ಧರೆಪ್ಪನೂ ಮಾಡಿದ. ಇನ್ನಷ್ಟು ನೀರು ಬಿಟ್ಟ.

ಧರೆಪ್ಪನ ಊರು ಕಾಗವಾಡದಿಂದ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿದೆ. ಅಲ್ಲಿ ರೈತರೆಲ್ಲ ಸೇರಿ ನೀರೆತ್ತುವ ಸಂಘ ಮಾಡಿಕೊಂಡಿದ್ದರು. ಕೃಷ್ಣೆಯ ನೀರು ಪೈಪಿನಲ್ಲಿ ಮೇಲೆ ಬಂದು, ಕಾಲುವೆಗೆ ಬಿದ್ದು, ಒಬ್ಬೊಬ್ಬರ ಹೊಲಕ್ಕೆ ಪಾಳಿಯ ಪ್ರಕಾರ ಹೋಗುತ್ತಿತ್ತು. ಆ ಊರಿನಲ್ಲಿ ಪಾಳಿಗಾಗಿ ಊಟ ಬಿಟ್ಟವರಿದ್ದರು, ನಿದ್ದೆ ಬಿಟ್ಟವರಿದ್ದರು, ಬೀಗರ ಮನೆಯ ಮದುವೆ ಬಿಟ್ಟವರೂ ಇದ್ದರು. ಪಾಳಿಯನ್ನೇ ಬಿಟ್ಟವರು ಮಾತ್ರ ಇರಲಿಲ್ಲ. ಮಳೆ ಬಿದ್ದು ಹೊಲ ಕೆಸರಾಗಿದ್ದರೂ ಸನಿಕೆ ಹಿಡಿದು ಕಾಲುವೆಯ ಬಾಯಿಗೆ ಬಂದು ನಿಲ್ಲುವರು. ಯಾರಾದರೂ ಬರದಿದ್ದರೆ ಕಟ್ಟೆಯ ಮೇಲೆ ಕೂತವರು, "ಯಾಕೋ, ಹೊಲಾ ಮಾರಿದೇನು?" ಎಂದು ಕೇಳುವರು. ಆ ಒಂದು ಮಾತಿಗೆ ಹೆದರಿ ಎಷ್ಟು ಹೊಲ ಹಾಳಾದವೋ ದೇವರೇ ಬಲ್ಲ.

ಇದು 1991ರ ನವರಾತ್ರಿಯ ಹೊತ್ತಿನ ಮಾತು. ಧರೆಪ್ಪನಿಗೆ ಕಬ್ಬಿನ ನಡುವೆ ಒಂದು ದ್ರಾಕ್ಷಿ ಪಡ, ಎಂದರೆ ದ್ರಾಕ್ಷಿ ತೋಟ, ಇತ್ತು. ನೀರು ಹಿಡಿದಿಡುವ ಎರೆ ನೆಲ, ಅದೂ ತಗ್ಗಿನದು. ಪಡ ಹಚ್ಚಬೇಕೆಂದು ಹಟ ಹಿಡಿದವಳು ಹೆಂಡತಿ ಸೋನಾಬಾಯಿ. ಬಳ್ಳಿ ಸಣ್ಣದಿದ್ದಾಗ ಬೇಸಿಗೆಯಲ್ಲಿ ಮೋಟಾರು ಸುಟ್ಟು ಕೂತಿತ್ತು. ಆಗ ಕೊಡದಲ್ಲಿ ನೀರು ಹೊತ್ತು ಒಂದೊಂದು ಬುಡಕ್ಕೆ ಹಾಕಿ ಉಳಿಸಿಕೊಂಡವಳೂ ಅವಳೇ. ಈ ಸಲ ಮೊದಲ ಫಸಲು. ದಸರೆ ಆದ ಮೇಲೆ ಕೊಂಬೆ ಕತ್ತರಿಸುವ ಚಾಟಣಿ ಮಾಡಿದರೆ, ಹೊಸ ಚಿಗುರು ಒಡೆದು ಅದರಲ್ಲಿ ಗೊನೆ ಬರಬೇಕು. ಅಷ್ಟರಲ್ಲಿ ಎಲೆ ಹಳದಿಯಾಗಿ, ಅಂಚು ಸುಟ್ಟಂತಾಗಿ, ಬಳ್ಳಿ ಸೊರಗತೊಡಗಿತು. ಸೋನಾಬಾಯಿಗೆ ಊಟ ರುಚಿಸದಂತಾಯಿತು.

ಒಂದು ಮಧ್ಯಾಹ್ನ ಅವಳು ಪಡದಲ್ಲಿ ನಿಂತಿದ್ದಾಗ ಬೇಗಂಬಿ ಒಡ್ಡು ದಾಟಿ ಬಂದಳು. ಅವಳ ಹೊಲ ಒಡ್ಡಿನ ಆಚೆ, ಸ್ವಲ್ಪ ಮೇಲೆ, ನೀರು ಬೇಗ ಬಸಿಯುವ ಮಸಾರಿ ನೆಲದಲ್ಲಿ. ಅಲ್ಲೂ ದ್ರಾಕ್ಷಿ ಇತ್ತು. ಬೇಗಂಬಿ ಆ ವರ್ಷ ಕೃಷಿ ಇಲಾಖೆಯವರು ರೈತ ಹೆಣ್ಣುಮಕ್ಕಳಿಗೆ ಮಾಡಿದ ತರಬೇತಿಗೆ ಹೋಗಿ ಬಂದಿದ್ದಳು. ಹೋಗುವ ಮೊದಲು ಇವಳ ನಾಲಿಗೆ ಇಷ್ಟು ಉದ್ದ ಇರಲಿಲ್ಲ ಎಂದು ಗಂಡ ಇಬ್ರಾಹಿಮ ತಮಾಷೆ ಮಾಡುತ್ತಿದ್ದ. ಅದು ಸುಳ್ಳು. ಮೊದಲೂ ಅಷ್ಟೇ ಉದ್ದ ಇತ್ತು. ಅವಳ ಕೈಯಲ್ಲಿ ಒದ್ದೆ ಬಟ್ಟೆಯ ಗಂಟೊಂದಿತ್ತು.

"ವೈನಿ, ಬಳ್ಳಿಗೆ ಏನಾಗೈತಿ?"

"ನೀರ ಸಾಲವಲ್ದು ಅಂತಾರ ಅವರು," ಎಂದಳು ಸೋನಾಬಾಯಿ.

"ನೀರ ಸಾಲದಿದ್ರ ನನ್ನ ಚಪ್ಪಲಿ ಯಾಕ ಈ ಕೆಸರಿನ್ಯಾಗ ಸಿಕ್ಕೊಂತು?"

ಅಷ್ಟರಲ್ಲಿ ಧರೆಪ್ಪ ಯೂರಿಯಾ ತುಂಬಿದ ಬುಟ್ಟಿ ಹೊತ್ತು ಬಂದ. ಮಾತು ಅವನ ಕಿವಿಗೆ ಬಿದ್ದಿತ್ತು. "ಬೇಗಂಬಿ ಅಕ್ಕಾ, ನೀ ತರಬೇತಿಗೆ ಹೋಗಿ ಬಂದಿ ಅಂತ ನಮ್ಮ ಕಣ್ಣ ಹೋಗ್ಯಾವೇನು? ಎಲಿ ಜೋತ ಬಿದ್ದದ್ದು ಕಾಣಾಕತ್ತೈತಿ. ನಾಳೆ ಮುಂಜಾನೆ ಪಾಳಿ ಐತಿ. ಒಡ್ಡ ತುಂಬ ನೀರ ಬಿಡ್ತೀನಿ, ಇದನ್ನ ಬುಡಕ್ಕ ಹಾಕ್ತೀನಿ. ದಸರಾ ಆದಮ್ಯಾಲ ಚಾಟಣಿ."

"ಎಲಿ ನೋಡಿದ್ರಿ. ಬೇರ ನೋಡಿದ್ರೇನ್ರಿ ಅಣ್ಣಾ?"

"ಬೇರ ನೆಲದಾಗ ಇರ್ತಾವ. ಅವನ್ನ ಏನ ನೋಡೂದು?"

"ಕಾಣಂಗಿಲ್ಲ ಅಂತನ ತೋಡಿ ನೋಡಬೇಕು. ಸನಿಕಿ ತಗೋರಿ."

ಧರೆಪ್ಪ ಗೊಣಗುತ್ತ ಸನಿಕೆ ಎತ್ತಿ ಬಳ್ಳಿಯ ಬೊಡ್ಡೆಯ ಪಕ್ಕದಲ್ಲೇ ಹಾಕಲು ಹೋದ. ಬೇಗಂಬಿ ತಡೆದಳು. "ಅಲ್ಲಿ ಬ್ಯಾಡ್ರಿ. ಅಲ್ಲಿರೂದು ದಪ್ಪ ಬೇರು. ಅವು ಬಳ್ಳಿನ ಹಿಡದು ನಿಲ್ಲಸ್ತಾವ, ಗಾಳಿಗೆ ಬೀಳಗೊಡೂದಿಲ್ಲ. ನೀರ ಕುಡಿಯೂ ಬೇರು ಒಂದು ಮೊಳ ಆಚೆ ಇರ್ತಾವ. ಇಲ್ಲಿ ಹಾಕ್ರಿ."

ಅವಳು ತೋರಿಸಿದಲ್ಲಿ ತೋಡಿದ. ಒಂದು ಗೇಣು ಇಳಿಯುವಷ್ಟರಲ್ಲಿ ಕುಣಿಯಲ್ಲಿ ನೀರು ಒಸರಿತು. ಜೊತೆಗೆ ಗಟಾರದ ವಾಸನೆ ಬಂತು. ಸೋನಾಬಾಯಿ ಬಗ್ಗಿ ಒಂದು ಸಣ್ಣ ಬೇರನ್ನು ಹಿಡಿದು ಎಳೆದಳು. ಕಂದು ಬಣ್ಣದ ಸಿಪ್ಪೆ ಅವಳ ಬೆರಳಿನಲ್ಲಿ ಕಳಚಿ ಬಂತು, ಒಳಗೆ ದಾರದಂಥ ಎಳೆ ಮಾತ್ರ ಉಳಿಯಿತು. ಇನ್ನೊಂದು ಎಳೆದಳು. ಅದೂ ಹಾಗೇ.

"ಇದು ಸತ್ತೈತೇನ್ರಿ ಅಕ್ಕಾ?"

"ಈ ಸಣ್ಣ ಬೇರು ಸತ್ತಾವ. ಬಳ್ಳಿ ಇನ್ನೂ ಸತ್ತಿಲ್ಲ," ಎಂದಳು ಬೇಗಂಬಿ. "ಕುಂದರ್ರಿ ಇಬ್ಬರೂ. ನಾ ಬಿತ್ತೂ ಕಾಳ ತೋರಸಾಕ ಬಂದಿದ್ದೆ, ಅದೇ ಉಪಯೋಗ ಆತು."

ಒದ್ದೆ ಬಟ್ಟೆಯ ಗಂಟನ್ನು ಬಿಚ್ಚಿದಳು. ಹಿಂಗಾರಿ ಜೋಳ ಬಿತ್ತುವ ಕಾಲ. ಬೀಜ ಮೊಳೆಯುತ್ತದೋ ಇಲ್ಲವೋ ನೋಡಲು ಅವಳು ಒಂದು ಹಿಡಿ ಜೋಳ ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದಳು. ಎಲ್ಲ ಕಾಳೂ ಬೇರು ಬಿಟ್ಟಿದ್ದವು. ಬೇರಿನ ಮೇಲೆ ಬೆಳ್ಳಗೆ, ನಯವಾಗಿ ಏನೋ ಹಬ್ಬಿತ್ತು.

ಧರೆಪ್ಪ ನೋಡಿ ಮುಖ ಹಿಂಡಿದ. "ಬೂಷ್ಟ ಹತ್ತೈತಿ. ಇದನ್ನ ಬಿತ್ತಾಕ ಬರಂಗಿಲ್ಲ. ಚೆಲ್ಲು."

"ನಾನೂ ಮೊದಲ ಹಂಗ ಅಂದು ಚೆಲ್ಲಾಕ ಹೋಗಿದ್ದೆ. ಬರೋಬ್ಬರಿ ನೋಡ್ರಿ. ಬೂಷ್ಟ ಆದ್ರ ಕಾಳಿನ ಮ್ಯಾಲ ಎಲ್ಲಾ ಕಡೆ ಹತ್ತಬೇಕಿತ್ತು. ಇಲ್ಲಿ ತುದಿ ಬೋಳೈತಿ. ತುದಿ ಹಿಂದ ಅಷ್ಟ ಕೂದಲ ಅದಾವ. ಇವು ಬೇರಿನ ರೋಮ. ನೀರ ಕುಡಿಯೂದು, ನೀರಾಗ ಕರಗಿದ ಗೊಬ್ಬರದ ಸತ್ವ ಎಳಕೊಳ್ಳೂದು, ಬಹಳ ಮಟ್ಟಿಗೆ ಇವೇ."

"ಇಷ್ಟು ಸಣ್ಣ ಕೂದಲಾ?"

"ಇಷ್ಟು ಸಣ್ಣ ಕೂದಲ. ನೀವು ಬುಟ್ಟಿ ತುಂಬ ತಂದೀರಲ್ಲ ಯೂರಿಯಾ, ಅದನ್ನ ಬೊಡ್ಡಿಗೆ ಸುರುವಿದ್ರ ಅಲ್ಲಿ ಎಳಕೊಳ್ಳೂ ಬಾಯಿ ಇಲ್ಲ. ಬೊಡ್ಡಿ ಸುಡತೈತಿ, ಅಷ್ಟ."

ಸೋನಾಬಾಯಿ ಒಂದು ಮೊಳಕೆಯನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡುತ್ತಿದ್ದಳು. "ತುದಿ ಯಾಕ ಬೋಳೈತಿ?"

"ತುದಿ ಮಣ್ಣಾಗ ದಾರಿ ಮಾಡಿಕೋತ ಮುಂದ ಹೋಗತೈತಿ. ಅಲ್ಲಿ ಕೂದಲ ಇದ್ರ ಹರದು ಹೋಗ್ತಾವ. ಅದಕ್ಕ ತುದಿಗೆ ಒಂದು ಟೊಪ್ಪಿಗಿ ಐತಿ, ಕಣ್ಣಿಗೆ ಕಾಣೂದಿಲ್ಲ. ಕಲ್ಲು ಮಣ್ಣಿಗೆ ತಿಕ್ಕಿ ಸವೀತೈತಿ, ಮತ್ತ ಹೊಸಾದು ಬರತೈತಿ." ಬೇಗಂಬಿ ಧರೆಪ್ಪನ ಬಿಳಿ ಟೊಪ್ಪಿಗೆಯ ಕಡೆ ನೋಡಿದಳು. "ನಿಮ್ಮ ಟೊಪ್ಪಿಗಿಗಿಂತ ಜಾಸ್ತಿ ದುಡೀತೈತ್ರಿ ಅಣ್ಣಾ."

ಸೋನಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಧರೆಪ್ಪ ನಗಲಿಲ್ಲ. "ಆತು. ಬೇರು ನೀರ ಕುಡೀತಾವ ಅಂದಿ. ನಾ ನೀರೇ ಕೊಟ್ಟೀನಿ. ಸಾಯಾಕ ಏನಾತು?"

"ಬೇರಿಗೆ ಉಸರೂ ಬೇಕ್ರಿ. ಮಣ್ಣಿನ ಕಾಳುಗಳ ನಡುವ ಸಣ್ಣ ಸಂದಿ ಇರ್ತಾವ. ಅದರಾಗ ಗಾಳಿ ಇರತೈತಿ. ಮಳಿ ನೀರು, ಮ್ಯಾಲ ನಿಮ್ಮ ಪಾಳಿ ನೀರು, ಆ ಸಂದಿ ಎಲ್ಲಾ ತುಂಬಿ ಗಾಳಿ ಹೊರಗ ಹೋತು. ಬೇರು ಉಸರ ಕಟ್ಟಿ ಸತ್ತು ಕೊಳತಾವ. ಆಮ್ಯಾಲ ನೀರ ಕುಡಿಯಾಕ ಯಾರದಾರ? ಅದಕ್ಕ ನಿಮ್ಮ ಬಳ್ಳಿ ನೀರಾಗ ನಿಂತು ಬಾಡಾಕತ್ತೈತಿ."

"ಭತ್ತ ನೀರಾಗ ಬೆಳೀತೈತಲ್ಲ? ಅದಕ್ಕ ಉಸರ ಬ್ಯಾಡೇನು?" ಧರೆಪ್ಪ ಗೆದ್ದವನಂತೆ ಕೇಳಿದ.

"ಒಳ್ಳೇದ ಕೇಳಿದ್ರಿ. ನಾನೂ ಅಲ್ಲಿ ಇದನ್ನ ಕೇಳಿದ್ದೆ. ಭತ್ತದ ಗಿಡದೊಳಗ ಪೊಳ್ಳ ಇರತೈತಿ, ಮ್ಯಾಲಿಂದ ಗಾಳಿ ಬೇರಿಗೆ ಇಳೀತೈತಿ. ಕಬ್ಬೂ ಸ್ವಲ್ಪ ದಿನ ತಡಕೊಳ್ಳತೈತಿ. ದ್ರಾಕ್ಷಿಗೆ ಆ ಸೌಕರ್ಯ ಇಲ್ರಿ."

ಅವರಿಬ್ಬರನ್ನೂ ಅವಳು ತನ್ನ ಪಡಕ್ಕೆ ಕರೆದೊಯ್ದಳು. ಅಲ್ಲೂ ಬೊಡ್ಡೆಯಿಂದ ಒಂದು ಮೊಳ ಆಚೆ ತೋಡಿದರು. ಮಣ್ಣು ಪುಡಿಪುಡಿಯಾಗಿತ್ತು, ಮೂಗಿಗೆ ಮೊದಲ ಮಳೆಯ ವಾಸನೆ. ಅದರೊಳಗೆ ಬೇರು ಕವಲೊಡೆದು ಹರಡಿತ್ತು, ಪ್ರತಿ ತುದಿಯೂ ಬೆಳ್ಳಗಿತ್ತು. ಧರೆಪ್ಪ ಬಹಳ ಹೊತ್ತು ಕುಕ್ಕುರುಗಾಲಿನಲ್ಲಿ ಕುಳಿತು ನೋಡಿದ. ಹುಟ್ಟಿದಾಗಿನಿಂದ ಮಣ್ಣಲ್ಲೇ ಇದ್ದ ಮನುಷ್ಯ, ಬೇರನ್ನು ಬೇರೆಂದು ನೋಡಿದ್ದು ಅದೇ ಮೊದಲು.

"ಈಗ ಚಾಟಣಿ ಮಾಡಿದ್ರ?" ಸೋನಾಬಾಯಿ ಕೇಳಿದಳು.

"ಅದೇ ಹೇಳಬೇಕಂತಿದ್ದೆ. ಚಾಟಣಿ ಆದಮ್ಯಾಲ ಬಳ್ಳಿಗೆ ಎಲಿ ಇರೂದಿಲ್ಲ. ಎಲಿ ಇಲ್ಲಂದ್ರ ಅಡಿಗಿ ಇಲ್ಲ. ಹೊಸ ಚಿಗುರಿಗೆ ಊಟ ಎಲ್ಲಿಂದ? ದಪ್ಪ ಬೇರಿನ್ಯಾಗ, ಬೊಡ್ಡ್ಯಾಗ ಕೂಡಿಸಿಟ್ಟದ್ದು. ಗಜ್ಜರಿ ತಿಂತೀರಲ್ಲ, ಅದೂ ಬೇರ. ಗಿಡ ತನಗಂತ ಇಟ್ಟುಕೊಂಡದ್ದನ್ನ ನಾವು ತಿಂತೀವಿ. ಇಲ್ಲೂ ಹಂಗ ಸ್ವಲ್ಪ ಗಂಟು ಐತಿ. ಅದರ ಮ್ಯಾಲ ಚಿಗುರು ಒಡೀತೈತಿ. ಆದ್ರ ನೀರ ತರಾಕ ಸಣ್ಣ ಬೇರು ಇಲ್ಲಂದ್ರ ಆ ಚಿಗುರು ಅಲ್ಲೇ ಒಣಗತೈತಿ. ಆಮ್ಯಾಲ ಬಳ್ಳಿ ಕಿತ್ತು ಒಗಿಯೂದ." ಬೇಗಂಬಿ ದನಿ ತಗ್ಗಿಸಿದಳು. "ನಾಳಿ ಪಾಳಿ ಬಿಡ್ರಿ ಅಣ್ಣಾ. ಕೆಳಗಿನ ಬದುವಿಗೆ ಬಸಿಗಾಲುವಿ ತೋಡಿ ನಿಂತ ನೀರ ಹೊರಗ ಹಾಕ್ರಿ. ಹೊಸ ಬೇರು ಬಂದಮ್ಯಾಲ ಚಾಟಣಿ."

ಧರೆಪ್ಪ ಎದ್ದು ನಿಂತ. "ಪಾಳಿ ಬಿಡೂದೇನು? ಊರಾಗ ಮುಖ ಎತ್ತಿ ತಿರಗಬೇಕಿಲ್ಲ?" ಎಂದವನೇ ಬುಟ್ಟಿ ಹೊತ್ತು ನಡೆದ. ಬಳ್ಳಿ ಸಾಯುತ್ತದೆ ಎಂಬುದು ಅವನಿಗೆ ಅರ್ಧ ಒಪ್ಪಿಗೆಯಾಗಿತ್ತು. ಆದರೆ ಕಟ್ಟೆಯ ಮೇಲಿನ ಆ ನಾಲಿಗೆಗಳ ಭಯ ಬಳ್ಳಿಯ ಸಾವಿಗಿಂತ ದೊಡ್ಡದಾಗಿತ್ತು. ನಗಬೇಡಿ, ನಮಗೂ ಅಂಥ ಭಯಗಳಿವೆ.

ಸಂಜೆ ತಾಯಿ ಗೌರಾಬಾಯಿಯ ಮುಂದೆ ಮಾತು ತೆಗೆದ. ಮುದುಕಿ ಮಗನ ಕಡೆಗೇ ನಿಂತಳು. "ಸಂಘ ಆಗೂ ಮೊದಲ ಬಾವಿ ಪಾಳಿ ಇತ್ತು. ಮೈಯಾಗ ಜ್ವರ ಇದ್ದಾಗೂ ನಿಮ್ಮಪ್ಪ ಪಾಳಿ ಬಿಟ್ಟವರಲ್ಲ. ನೀ ಬಿಡ್ತೀಯೇನು?" ಸೋನಾಬಾಯಿ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು. ಅತ್ತೆಯ ಎದುರು ಅವಳು ಮಾತಾಡಲಿಲ್ಲ. ಕೈಯಲ್ಲಿ ಕಳಚಿ ಬಂದ ಬೇರಿನ ಸಿಪ್ಪೆ ಮಾತ್ರ ಕಣ್ಣಿಂದ ಹೋಗಲಿಲ್ಲ.

ಮರುದಿನ ಮುಂಜಾನೆ ಗೌರಾಬಾಯಿ ದೇವಿಯ ಗುಡಿಗೆ ಹೋಗಿದ್ದಳು. ಮನೆಯಲ್ಲಿ ಘಟ ಕೂಡಿಸಿದ್ದರು. ಗೊತ್ತಲ್ಲ, ನಮ್ಮ ಕಡೆ ನವರಾತ್ರಿಗೆ ದೇವರ ಮುಂದೆ ಪತ್ರಾವಳಿಯ ಮೇಲೆ ಹೊಲದ ಮಣ್ಣು ಹರವಿ, ಕಾಳು ಬಿತ್ತಿ, ನಡುವೆ ನೀರಿನ ಮಗಿ ಇಡುತ್ತೇವೆ. ದಸರೆಯ ಹೊತ್ತಿಗೆ ಸಸಿ ಎತ್ತರ ಬಂದರೆ ಮನೆಗೆ ಒಳ್ಳೆಯದೆಂಬ ನಂಬಿಕೆ. ದಿನಾ ಅದಕ್ಕೆ ನೀರು ಹಾಕುವವಳು ಗೌರಾಬಾಯಿಯೇ. ಅಂದು ಅವಳು ಬರುವುದು ತಡವಾಯಿತು. ಧರೆಪ್ಪನಿಗೆ ಪಾಳಿಯ ಅವಸರ. ಸ್ನಾನ ಮಾಡಿ ಬಂದವನು ಒಂದು ತಂಬಿಗೆ ನೀರನ್ನು ಘಟದ ಮಣ್ಣಿಗೆ ಹೊಯ್ದು, ಕೈಮುಗಿದು, ಬಾಗಿಲ ಹಿಂದಿನ ಸನಿಕೆಗೆ ಕೈ ಹಾಕಿದ.

ಅದೇ ಹೊತ್ತಿಗೆ ಗೌರಾಬಾಯಿ ಒಳಗೆ ಬಂದಳು. ದೇವರ ಮುಂದೆ ನೋಡಿದಳು. ಪತ್ರಾವಳಿಯ ಅಂಚಿನಿಂದ ಕೆಸರು ನೀರು ಹರಿದು ನೆಲಕ್ಕೆ ಇಳಿಯುತ್ತಿತ್ತು, ಎಳೆ ಸಸಿಗಳು ಅಡ್ಡಬಿದ್ದಿದ್ದವು.

"ಧರೆಪ್ಪಾ, ಯಾರ ನೀರ ಸುರುವಿದ್ರು ಇದಕ್ಕ?"

"ನಾನ ಬೇ. ಹೊತ್ತಾಗಿತ್ತು ಅಂತ."

"ಹೊತ್ತಾದ್ರ ತಂಬಿಗಿ ಬೋರಲ ಹಾಕ್ತಾರೇನು? ಘಟಕ್ಕ ಕೈಲೆ ಹನಿಸಬೇಕು. ಎಂದಾರ ನೀರ ನಿಂದ್ರಿಸಿದ್ದು ನೋಡೀಯೇನು ಈ ಮನ್ಯಾಗ? ಕಾಳ ಕೊಳತು ನಾತ ಹೊಡೀತಾವ. ದೇವರ ಮುಂದ ಕೊಳತ ಘಟ ಇಟ್ಟು ನಾ ಏನ ಪೂಜಿ ಮಾಡ್ಲಿ?"

ಘಟವನ್ನು ಅಲುಗಾಡಿಸುವಂತಿಲ್ಲ. ಮುದುಕಿ ಕುಳಿತು ಮಡಿಬಟ್ಟೆಯ ತುದಿಯನ್ನು ಮಣ್ಣಿನ ಅಂಚಿಗೆ ಒತ್ತಿ ಒತ್ತಿ ನೀರು ಹೀರಿ ತೆಗೆಯತೊಡಗಿದಳು. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೋನಾಬಾಯಿ ಬಾಯಿ ಬಿಟ್ಟಳು.

"ಅತ್ತಿ, ಪಡದಾಗೂ ಇದೇ ಆಗೈತ್ರಿ. ನಿನ್ನೆ ಬೇರ ಕಿತ್ತು ನೋಡೀನಿ. ನಾತ ಹೊಡೀತಿತ್ರಿ."

ಗೌರಾಬಾಯಿಯ ಕೈ ನಿಂತಿತು. ಬಟ್ಟೆಯನ್ನು ಬಟ್ಟಲಿಗೆ ಹಿಂಡಿದಳು. "ಎಷ್ಟ ನೀರ ಬಿಟ್ಟಿದ್ದಿ ಅಲ್ಲಿ?" ಎಂದು ಮಗನನ್ನು ಕೇಳಿದಳು.

"ಒಡ್ಡ ತುಂಬೂ ತನಕ."

"ಈ ಮಳಿ ಆದಮ್ಯಾಲೂ?"

ಧರೆಪ್ಪ ಹೌದೆಂದು ತಲೆ ಆಡಿಸಿದ. ಮುದುಕಿ ಇನ್ನೊಂದು ಸಲ ಬಟ್ಟೆ ಒತ್ತಿದಳು. ಆಮೇಲೆ ನಿಧಾನವಾಗಿ ಹೇಳಿದಳು: "ನಿಮ್ಮಪ್ಪನ ಕಾಲಕ್ಕ ಬಾವ್ಯಾಗ ನೀರ ಎಷ್ಟಿತ್ತೋ? ನೀರ ಜಗ್ಗೂ ಮೊಟ್ಟಿ ಹೊಡದ ಹೊಡದ ಎತ್ತ ಸೋಲತಿದ್ವು, ಅರ್ಧ ಹೊಲಾ ತೊಯ್ಯತಿದ್ದಿಲ್ಲ. ಅವರು ಪಾಳಿ ಬಿಡಲಿಲ್ಲ ಅಂದ್ರ ನೀರ ಇಲ್ಲದ್ದಕ್ಕ ಬಿಡಲಿಲ್ಲ. ನಿನಗ ಹೊಳಿ ಬಂದು ಹೊಲದಾಗ ನಿಂತೈತಿ. ನೀ ಯಾಕ ಬಿಡವಲ್ಲಿ?"

ಧರೆಪ್ಪ ಸನಿಕೆ ಹಿಡಿದೇ ಹೋದ. ಕಾಲುವೆಯಲ್ಲಿ ನೀರು ಬಂದಿತ್ತು. ಅವನ ಹೊಲದ ಬಾಯಿಗೆ ಅಡ್ಡ ಹಾಕಿದ ಮಣ್ಣನ್ನು ತೆಗೆದರೆ ಸಾಕು, ನೀರು ಪಡಕ್ಕೆ ಹರಿಯುತ್ತದೆ. ಕಾಲುವೆಯ ಕೊನೆಯಲ್ಲಿ ಮಡ್ಡಿ ಹೊಲದ ಮಲಕಾರಿ ಬಂದು ನಿಂತಿದ್ದ. ಮೇಲಿನವರೆಲ್ಲ ತುಂಬಿಸಿಕೊಂಡ ಮೇಲೆ ಉಳಿದದ್ದು ಅವನಿಗೆ. ಅವನ ನೆಲದಲ್ಲಿ ಮಳೆ ಬಿದ್ದದ್ದು ಎರಡು ದಿನ ನಿಲ್ಲುವುದಿಲ್ಲ, ಬಿತ್ತಿದ ಜೋಳ ಎರಡೆಲೆಗೇ ಒಣಗುತ್ತಿತ್ತು. ಬದುವಿನ ಮೇಲೆ ಇನ್ನಿಬ್ಬರು ಬೀಡಿ ಸೇದುತ್ತ ಕೂತಿದ್ದರು.

"ಮಲಕಾರಿ, ಇವತ್ತಿನ ನೀರ ನೀ ತಗೋ," ಎಂದ ಧರೆಪ್ಪ.

ಮಲಕಾರಿ ಕಣ್ಣು ಪಿಳಿಪಿಳಿ ಮಾಡಿದ. ಬೇಕೆಂದು ಅಂದದ್ದಲ್ಲ, ರೂಢಿಯಿಂದ ಬಾಯಿಗೆ ಬಂತು: "ಯಾಕ ಧರೆಪ್ಪಣ್ಣ, ಹೊಲಾ ಮಾರಿದೇನು?"

ಬದುವಿನ ಮೇಲಿದ್ದವರು ನಕ್ಕರು. ಧರೆಪ್ಪನ ಕಿವಿ ಕೆಂಪಗಾದವು. ಸನಿಕೆಯನ್ನು ಭದ್ರವಾಗಿ ಹಿಡಿದ.

"ಇಲ್ಲೋ. ಹೊಲಾ ಇಟ್ಟಕೊಳ್ಳಾಕ ಬಿಟ್ಟೀನಿ. ಹೋಗು, ನಿನ್ನ ಹೊಲದ ಬಾಯಿ ಬಿಚ್ಚಿಕೋ."

ನಗು ಅಷ್ಟಕ್ಕೇ ನಿಂತಿತು. ಇಷ್ಟಕ್ಕೇ ಹೆದರಿದ್ದೆನೇ ಎಂದು ಧರೆಪ್ಪನಿಗೇ ಆಶ್ಚರ್ಯವಾಯಿತು. ಅದೇ ಸನಿಕೆಯಿಂದ ಅವನು ಕೆಳಗಿನ ಬದುವಿಗೆ ಬಸಿಗಾಲುವೆ ತೋಡತೊಡಗಿದ. ಮೊಣಕಾಲುದ್ದ ಇಳಿದಾಗ ಪಡದ ಮಣ್ಣಿನಿಂದ ಕಂದು ನೀರು ತೊಟ್ಟಿಕ್ಕಿ, ಸೇರಿ, ಹಳ್ಳದ ಕಡೆಗೆ ಹರಿಯಿತು. ಸಂಜೆ ಇಬ್ರಾಹಿಮನೂ ಬಂದು ಕೈ ಹಚ್ಚಿದ. ಯೂರಿಯಾ ಬುಟ್ಟಿ ಮೂಲೆ ಸೇರಿತು. ಮಣ್ಣು ಸ್ವಲ್ಪ ಒಣಗಿದ ಮೇಲೆ ಬೇರಿಗೆ ಪೆಟ್ಟಾಗದಂತೆ ಮೇಲೆ ಮೇಲೆ ಕೆದಕಿ ಗಾಳಿ ಆಡುವಂತೆ ಮಾಡಿದರು.

ದಸರೆಗೆ ಘಟದ ಸಸಿ ಉಳಿದಿತ್ತು, ಒಂದು ಮಗ್ಗುಲಿಗೆ ಮಾತ್ರ ತೆಳುವಾಗಿ. ಗೌರಾಬಾಯಿ ರೂಢಿಯಂತೆ ಅದನ್ನು ಮಗನ ಟೊಪ್ಪಿಗೆಗೆ ಸಿಕ್ಕಿಸುತ್ತ, ಕಿತ್ತ ಇನ್ನೊಂದು ಸಸಿಯ ಬೇರನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. ಬೆಳ್ಳಗಿತ್ತು. ಅದನ್ನು ಸೊಸೆಯ ಕೈಗೆ ಕೊಟ್ಟಳು.

ದೀಪಾವಳಿಯ ಹೊತ್ತಿಗೆ ಸೋನಾಬಾಯಿ ಪಡದಲ್ಲಿ ಮತ್ತೆ ಒಂದು ಮೊಳ ಆಚೆ ಕುರುಪಿಯಿಂದ ಮಣ್ಣು ಸರಿಸಿದಳು. ದಪ್ಪ ಬೇರಿನ ಮೈಯಿಂದ ಹೊಸ ಬೇರು ಹೊರಟಿದ್ದವು, ಬೆಳ್ಳಗೆ, ಗಟ್ಟಿಯಾಗಿ. ಅವಳು ಅಲ್ಲೇ ಕುಳಿತು ಅತ್ತಳು. ಆಮೇಲೆ ಮಣ್ಣು ಮುಚ್ಚಿ ಗಂಡನನ್ನು ಕರೆಯಲು ಹೋದಳು.

ಚಾಟಣಿ ತಡವಾಗಿಯೇ ಆಯಿತು. ತಗ್ಗಿನ ಮೂಲೆಯ ಕೆಲವು ಬಳ್ಳಿ ಚಿಗುರಲೇ ಇಲ್ಲ, ಅವನ್ನು ಕೀಳಬೇಕಾಯಿತು. ಹಣ್ಣೂ ಎಲ್ಲರಿಗಿಂತ ಹಿಂದೆ ಬಿತ್ತು. ಆದರೆ ಬಂತು. ಮೊದಲ ಗೊನೆ ದೇವರಿಗೆ, ಎರಡನೆಯದು ಬೇಗಂಬಿಯ ಮನೆಗೆ ಹೋಯಿತು. "ನಮ್ಮ ಪಡದಾಗ ದ್ರಾಕ್ಷಿ ಇಲ್ಲೇನ್ರಿ ಕಾಕು?" ಎಂದಳು ಬೇಗಂಬಿ. "ಐತಿ. ಆದ್ರ ಇದು ನಿನ್ನ ನಾಲಿಗಿಗೆ," ಎಂದಳು ಗೌರಾಬಾಯಿ.

ಕಟ್ಟೆಯ ಮೇಲಿನವರು ಈಗಲೂ ಕೇಳುವುದನ್ನು ಕೇಳುತ್ತಾರೆ. ಧರೆಪ್ಪನ ಮನೆಯಲ್ಲಿ ಮಾತ್ರ ಬೇರೆ ಪ್ರಶ್ನೆ ನಡೆಯುತ್ತದೆ. ಪಾಳಿಯ ದಿನ ಅವನು ಸನಿಕೆಗೆ ಕೈ ಹಾಕಿದರೆ, ಒಳಗಿಂದ ಗೌರಾಬಾಯಿಯ ದನಿ ಬರುತ್ತದೆ: "ಬೇರ ನೋಡಿದ್ಯಾ?"

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈ ಪ್ರಶ್ನೆ ನಿಮಗೂ. ನೀರು ಬಿಡುವ ಮೊದಲು ಬೊಡ್ಡೆಯಿಂದ ಒಂದು ಮೊಳ ಆಚೆ ಒಂದು ಸನಿಕೆ ಮಣ್ಣು ತೆಗೆಯಿರಿ. ಮುಷ್ಟಿಯಲ್ಲಿ ಹಿಂಡಿದಾಗ ಮಣ್ಣು ಉಂಡೆ ಕಟ್ಟದೆ ಉದುರಿದರೆ, ಬೇರಿನ ತುದಿ ಬೆಳ್ಳಗಿದ್ದರೆ, ನೀರು ಬಿಡಿ. ಗೊಬ್ಬರವನ್ನೂ ಆ ಬಿಳಿ ತುದಿಗಳಿರುವ ಕಡೆಗೇ ಹಾಕಿ, ಬೊಡ್ಡೆಗಲ್ಲ. ಬೇರು ಕಂದಾಗಿ ಸಿಪ್ಪೆ ಕಳಚಿದರೆ, ಮಣ್ಣು ನಾರಿದರೆ, ನೀರು ನಿಲ್ಲಿಸಿ, ಬಸಿಗಾಲುವೆ ತೋಡಿ. ಆ ದಿನದ ಪಾಳಿಯ ನೀರನ್ನು ಮಲಕಾರಿಗೆ ಬಿಟ್ಟುಕೊಡಿ. ನಿಮ್ಮ ಊರಿನಲ್ಲೂ ಒಬ್ಬ ಮಲಕಾರಿ ಇದ್ದೇ ಇದ್ದಾನೆ. ಕಾಲುವೆಯ ಕೊನೆಯಲ್ಲಿ ನಿಂತು ಕಾಯುತ್ತಿದ್ದಾನೆ, ನೋಡಿ.